ಹೊಗೆ ಕಾಣದ ಸೋಮವಾರ

ಒಣಗಿದ ಎರಡು ಸೌದೆ ತುಂಡುಗಳನ್ನು ಒಂದಕ್ಕೊಂದು ಬಡಿದರೆ ‘ಟಣ್’ ಎಂಬ ಸದ್ದು ಬರುತ್ತದೆ. ಹಸಿಯಾಗಿದ್ದರೆ ‘ದಬ್’ ಎನ್ನುತ್ತದೆ. ನಮ್ಮ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದ ವಿದ್ಯೆ ಇದು. ಆದರೂ ಆ ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ನಾನು ಒಂದು ತುಂಡನ್ನೂ ಬಡಿದು ನೋಡಲಿಲ್ಲ. ಪ್ರತಿ ಸಂಜೆ ಅಪ್ಪ ಮಂಚದ ಮೇಲಿಂದ “ಬಡ್ದು ನೋಡಿದ್ಯೇನವ್ವಾ?” ಎಂದು ಕೇಳುತ್ತಿದ್ದರು. “ನೋಡಿದೆ ಅಪ್ಪ” ಎಂದು ಪ್ರತಿ ಸಂಜೆಯೂ ಉತ್ತರಿಸುತ್ತಿದ್ದೆ.

ನಮ್ಮದು ಹೆಗ್ಗನಹಳ್ಳಿಯಲ್ಲೊಂದು ಚಿಕ್ಕ ಸೌದೆ ಡಿಪೋ. ಅದೇ ಬೀದಿಯಲ್ಲಿ ನಾಲ್ಕು ಮನೆ ದಾಟಿದರೆ ನಮ್ಮ ಮನೆ. ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಹುಣಸೆಯ ದಿಮ್ಮಿಯೊಂದು ಉರುಳಿ ಅಪ್ಪನ ಕಾಲು ಮುರಿಯಿತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಶ್ರಾವಣ ಮುಗಿಯುವವರೆಗೆ ನೆಲಕ್ಕೆ ಕಾಲೂರಬಾರದೆಂದು ವೈದ್ಯರು ಹೇಳಿದರು. ನಾನು ಅನ್ನಪೂರ್ಣೇಶ್ವರಿ ನಗರದ ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳಾದ್ದರಿಂದ, ಎಲ್ಲ ಕೆಲಸವನ್ನೂ ಮಾಡಬಲ್ಲೆನೆಂಬ ನಂಬಿಕೆ ಮನೆಯವರಿಗೆ ಇತ್ತು. ನನಗೆ ಇರಲಿಲ್ಲ. ಹಾಗಿದ್ದರೂ ಸಂಬಳವಿಲ್ಲದ ರಜೆ ಬರೆದುಕೊಟ್ಟು ಡಿಪೋಗೆ ಬಂದು ಕುಳಿತೆ.

ಮೊದಲ ವಾರವೇ ಹೊಸ ಫಲಕವೊಂದನ್ನು ಬರೆಸಿದೆ: ‘ಇಲ್ಲಿ ಉತ್ತಮ ಗುಣಮಟ್ಟದ ಉರುವಲು ದೊರೆಯುತ್ತದೆ.’ ಕಾಗುಣಿತದ ತಪ್ಪು ಒಂದೂ ಇರಬಾರದೆಂದು ನಾಲ್ಕು ಬಾರಿ ಓದಿ ನೋಡಿದ್ದೆ. ಅದೇ ಫಲಕದ ಕೆಳಗೆ ನಿಂತು ಒಬ್ಬರು, “ಸೌದೆ ಸಿಗಲ್ವಾ ಮೇಡಂ ಇಲ್ಲಿ?” ಎಂದು ಕೇಳಿದರು.

ಸೌದೆ ಒಡೆಯುವ ಅಣ್ಣನೊಬ್ಬರು ಅಪ್ಪನ ಜೊತೆ ಬಹುಕಾಲದಿಂದ ಇದ್ದಾರೆ. ನಾನು ಶಾಲೆಗೆ ಹೋಗುವ ಮುಂಚೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದ್ದವರು, ನಾನು ಟೀಚರಾದ ಮರುದಿನದಿಂದ ‘ಮೇಡಂ’ ಎನ್ನತೊಡಗಿದರು. ಅದು ಗೌರವವೋ ಕೀಟಲೆಯೋ ಇವತ್ತಿಗೂ ನನಗೆ ಖಚಿತವಿಲ್ಲ. ಬೇಸಿಗೆಯ ಕೊನೆಯಲ್ಲಿ ಬಂದಿದ್ದ ಒಂದು ಲೋಡು ಸರ್ವೆ ಮರದ ಸೌದೆ ಅಂಗಳದಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದಿತ್ತು. ಅದು ಇನ್ನೂ ಅರ್ಧ ಮಾತ್ರ ಒಣಗಿತ್ತು ಎಂಬುದು ನನಗೆ ತಿಳಿಯಲಿಲ್ಲ. ಅವ್ಯವಸ್ಥೆ ಕಂಡರೆ ನನಗೆ ಎದೆ ಬಡಿತ ಹೆಚ್ಚಾಗುತ್ತದೆ. ಒಡೆದ ತುಂಡುಗಳನ್ನೆಲ್ಲ ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕ ಜೋಡಿಸುವಂತೆ, ನಡುವೆ ಒಂದು ಬೆರಳೂ ತೂರದ ಹಾಗೆ, ನೆಲದಿಂದಲೇ ಎದೆಯೆತ್ತರಕ್ಕೆ ಜೋಡಿಸಿದೆ. ಮೇಲೆ ನೀಲಿ ಟಾರ್ಪಾಲು ಹೊದಿಸಿ, ನೆಲಕ್ಕೆ ತಾಗುವಂತೆ ಎಳೆದು, ಸುತ್ತ ಕಲ್ಲು ಹೇರಿಸಿದೆ.

“ಮೇಡಂ, ಸೌದೆಗೇನು ಜ್ವರ ಬಂದಿದ್ಯಾ? ಇಷ್ಟೊಂದು ಹೊದಿಸ್ತಾ ಇದೀರ.”

“ಮಳೆಯಲ್ಲಿ ನೆನೆಯುತ್ತದೆ ಅಣ್ಣ.”

“ನೆನದ್ರೆ ಗಾಳೀಗೆ ಒಣಗ್ತದೆ. ಬೆವತ್ರೆ ಯಾರು ಒರಸ್ತಾರೆ?” ಎಂದರು. ಅದನ್ನೂ ತಮಾಷೆಯ ಲೆಕ್ಕಕ್ಕೆ ಸೇರಿಸಿ ನಾನು ನಕ್ಕುಬಿಟ್ಟೆ.

ಬಡಿದು ನೋಡುವುದನ್ನು ಬಿಡಲು ಒಂದು ಕಾರಣವಿತ್ತು. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಗೇಟಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಎರಡು ತುಂಡುಗಳನ್ನು ಕಿವಿಯ ಹತ್ತಿರ ಹಿಡಿದು ಬಡಿಯುತ್ತಿದ್ದೆ. ಸ್ಕೂಟರೊಂದು ನಿಂತಿತು. ಹಿಂದೆ ಯೂನಿಫಾರ್ಮಿನಲ್ಲಿ ನನ್ನದೇ ಏಳನೆಯ ತರಗತಿಯ ಹುಡುಗಿ. ಮುಂದೆ ಅವಳ ತಾಯಿ. “ಮಿಸ್... ನೀವಾ?” ಎಂದರು. ಆ ‘ನೀವಾ’ದಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂದು ಈಗ ಅನಿಸುತ್ತದೆ. ಆ ಹೊತ್ತಿನಲ್ಲಿ ಮಾತ್ರ ಕೈಯಲ್ಲಿದ್ದ ತುಂಡುಗಳನ್ನು ಕೆಳಗಿಟ್ಟು, ಸೀರೆಯ ಸೆರಗಿನಿಂದ ಅಂಗೈ ಒರೆಸಿಕೊಂಡು, ತಂದೆಯವರಿಗೆ ಆರೋಗ್ಯ ಸರಿಯಿಲ್ಲದ ಕಾರಣ ತಾತ್ಕಾಲಿಕವಾಗಿ ಮೇಲ್ವಿಚಾರಣೆ ಮಾಡುತ್ತಿರುವೆನೆಂದು ವಿವರಿಸಿದೆ. ಅಂದಿನಿಂದ ಕುರ್ಚಿಯ ಮೇಲೆಯೇ ಕುಳಿತೆ. ಸೌದೆ ಒಣಗಿದೆಯೇ ಎಂದು ಯಾರಾದರೂ ಕೇಳಿದರೆ ಟಾರ್ಪಾಲಿನ ಕಡೆಗೆ ಕೈ ತೋರಿಸಿ, “ಒಂದು ಹನಿಯೂ ತಾಗಿಲ್ಲ” ಎನ್ನುತ್ತಿದ್ದೆ.

ಆಗ ನಮಗೆ ಉಳಿದಿದ್ದ ಗಿರಾಕಿಗಳು ಕೆಲವರೇ. ದೊನ್ನೆ ಬಿರಿಯಾನಿಯ ಎರಡು ಹೋಟೆಲು, ಹಂಡೆಯಲ್ಲಿ ನೀರು ಕಾಯಿಸುವ ಹಳೆಯ ಮನೆಗಳು. ಛತ್ರಗಳೆಲ್ಲ ಒಂದೊಂದಾಗಿ ಗ್ಯಾಸಿಗೆ ಬದಲಾಗಿದ್ದವು. ಬಸವೇಶ್ವರನಗರದ ಒಂದು ಸಮುದಾಯ ಭವನ ಮಾತ್ರ ಶ್ರಾವಣದ ಕಡೆಯ ಸೋಮವಾರದ ದಾಸೋಹಕ್ಕೆ ನಮ್ಮಲ್ಲಿಂದಲೇ ಸೌದೆ ತರಿಸುತ್ತಿತ್ತು. ಅಲ್ಲಿನ ಅಡುಗೆಯ ಮುಖ್ಯಸ್ಥೆ ಹಾವೇರಿ ಕಡೆಯ ಹಿರಿಯರು. ಅಪ್ಪ ಅವರನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಸಾವಿರ ಜನರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಎಲ್ಲವೂ ಸೌದೆಯ ಒಲೆಯ ಮೇಲೆ. ಹಿಂದಿನ ವರ್ಷ ಮಾತ್ರ ಬೇರೆ ಯಾರೋ ಭಕ್ತರು ಕೊಡಿಸಿದ ಹಸಿ ಸೌದೆಯೂ ಅದರಲ್ಲಿ ಬೆರೆತು, ಹೊಗೆ ಪಕ್ಕದ ಅಪಾರ್ಟ್‌ಮೆಂಟಿನೊಳಗೆ ನುಗ್ಗಿ, ದೂರು ಹೋಗಿತ್ತು. ಈ ಬಾರಿ ಭವನದ ಅಧ್ಯಕ್ಷರು ಆಷಾಢದಲ್ಲಿಯೇ ಫೋನ್ ಮಾಡಿ, “ಈ ವರ್ಷ ಹೊಗೆ ಬಂದ್ರೆ ಮುಂದಿನ ವರ್ಷದಿಂದ ಗ್ಯಾಸೇ. ಬೇಜಾರ್ ಮಾಡ್ಕೋಬೇಡಿ” ಎಂದು ಹೇಳಿಬಿಟ್ಟಿದ್ದರು. ಅಪ್ಪ ಮಂಚದ ಮೇಲೆ ಮಲಗಿಯೇ, “ಹೊಗೆ ಬರಲ್ಲ ಸಾರ್, ನಾನು ಮಾತು ಕೊಡ್ತೀನಿ” ಎಂದರು. ಮಾತು ಅವರದು, ಸೌದೆ ಮಾತ್ರ ನನ್ನ ಟಾರ್ಪಾಲಿನ ಅಡಿಯಲ್ಲಿತ್ತು.

ದಾಸೋಹಕ್ಕೆ ನಾಲ್ಕು ದಿನ ಮೊದಲು, ಗುರುವಾರ ಬೆಳಿಗ್ಗೆ, ಆ ಅಡುಗೆಯಮ್ಮ ಆಟೊದಿಂದ ಇಳಿದರು. ಪ್ರತಿ ವರ್ಷವೂ ಸೌದೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಒಪ್ಪುವುದು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಎಲೆಅಡಿಕೆಯ ಚೀಲ.

“ಏನ ತಂಗಿ, ಹ್ಯಾಂಗದ ನಿಮ್ಮಪ್ಪನ ಕಾಲು?”

“ಈಗ ಸುಧಾರಿಸಿದೆ ಅಮ್ಮ. ಇನ್ನೂ ಎರಡು ವಾರ ವಿಶ್ರಾಂತಿಯ ಅಗತ್ಯವಿದೆಯೆಂದು ವೈದ್ಯರು ತಿಳಿಸಿದ್ದಾರೆ.”

“ಯವ್ವಾ! ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತಿ ನೋಡು. ಇರ್ಲಿ, ಕಟಗಿ ತೋರ್ಸು.”

ನಾನು ಹೆಮ್ಮೆಯಿಂದಲೇ ಕಲ್ಲುಗಳನ್ನು ಸರಿಸಿ ಟಾರ್ಪಾಲು ಎತ್ತಿಸಿದೆ. ಒಳಗಿನಿಂದ ಬೆಚ್ಚನೆಯ, ಹುಳಿತ ವಾಸನೆಯೊಂದು ಮುಖಕ್ಕೆ ಹೊಡೆಯಿತು. ಟಾರ್ಪಾಲಿನ ಒಳಮೈ ತುಂಬ ನೀರ ಹನಿ. ನಾನು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದ ಸಾಲುಗಳ ಸಂದಿಯಲ್ಲಿ ಬಿಳಿಯ ಬೂಷ್ಟು, ಹತ್ತಿಯಂತೆ ಹಬ್ಬಿತ್ತು. ಅಡುಗೆಯಮ್ಮ ಎರಡು ತುಂಡುಗಳನ್ನು ಎಳೆದು ಬಡಿದರು. ದಬ್. ಮತ್ತೆರಡು ಎಳೆದರು. ದಬ್. ಒಂದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, ಆಮೇಲೆ ನನ್ನ ಕೆನ್ನೆಗೆ ಒತ್ತಿದರು. ತಣ್ಣಗಿತ್ತು, ಫ್ರಿಜ್ಜಿನಿಂದ ತೆಗೆದ ತರಕಾರಿಯ ಹಾಗೆ.

“ಇದು ಕಟಗಿ ಅಲ್ಲ ತಂಗಿ, ಕುಂಬಳಕಾಯಿ. ಇದನ್ನ ಒಲಿಗೆ ಹಾಕೂದಲ್ಲ, ಸಾಂಬಾರಕ್ಕ ಹಾಕೂದು.”

ಸೌದೆ ಒಡೆಯುವ ಅಣ್ಣ ನೆಲ ನೋಡುತ್ತ ನಿಂತಿದ್ದರು. ನಾನು ಹೇಳಿದ್ದಲ್ಲವೇ ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. ನಾನು ಧೈರ್ಯ ತಂದುಕೊಂಡು, ಬದಲಿಗೆ ಹುಣಸೆ ಕೊಡುವುದಾಗಿ ಹೇಳಿದೆ. ಹುಣಸೆ ಶೆಡ್ಡಿನೊಳಗಿತ್ತು, ಚೆನ್ನಾಗಿ ಒಣಗಿತ್ತು. ನನ್ನ ಮನಸ್ಸಿನಲ್ಲಿ ಮರಗಳಿಗೂ ಅಂಕಪಟ್ಟಿ ಇತ್ತು: ಹುಣಸೆಗೆ ಪ್ರಥಮ ದರ್ಜೆ, ಜಾಲಿಗೆ ದ್ವಿತೀಯ, ಸರ್ವೆ ನೀಲಗಿರಿಗಳು ಹೇಗೋ ಪಾಸು, ಮಳೆಗೆ ರಾಜಾಜಿನಗರದ ರಸ್ತೆಗಳಲ್ಲಿ ಉರುಳುವ ಗುಲ್‌ಮೊಹರ್, ಮತ್ತೆ ನುಗ್ಗೆ, ಇವು ಫೇಲು.

“ಹುಣಸೆ ಅತ್ಯುತ್ತಮ ಸೌದೆ ಅಮ್ಮ. ಅದಕ್ಕಿಂತ ಮೇಲಿನದು ನಮ್ಮಲ್ಲಿ ಇಲ್ಲ.”

“ಬಿರ್ಯಾನಿ ಮಂದಿಗೆ ಛಲೋ ಅದು. ಕೆಂಡ ಆಗಿ ಕುಂತ್ರ ಸಂಜೀತನಕ ಏಳೂದಿಲ್ಲ. ನನ್ನ ಒಲ್ಯಾಗ ಕೊಳ್ಳಿ ನೂಕಿದ್ರ ಉರಿ ಏರಬೇಕು, ಎಳದ್ರ ಇಳೀಬೇಕು. ರೊಟ್ಟಿಗೆ ಒಂದು ನಮೂನಿ, ಹುಗ್ಗಿಗೆ ಒಂದು ನಮೂನಿ. ಹುಣಸಿ ಯಾರ ಮಾತೂ ಕೇಳೂದಿಲ್ಲ, ನನ್ನ ಸೊಸಿ ಹಂಗ.” ಅಷ್ಟು ಹೇಳಿ ಅಂಗಳದ ಸುತ್ತ ಕಣ್ಣಾಡಿಸಿದರು. “ಆ ಗ್ವಾಡಿಗೆ ನಿಂತದ್ದೇನು?”

ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಉದ್ದನೆಯ ಕಂಬಗಳು ಅವು. ತೊಗಟೆ ಉದುರಿ, ಮಳೆಗೆ ಕಪ್ಪಿಟ್ಟು, ಸ್ಮಶಾನದಿಂದ ತಂದವುಗಳಂತೆ ಕಾಣುತ್ತಿದ್ದವು. ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಅವುಗಳ ಮುಂದೆ ಒಂದು ಹಳೆಯ ತಗಡು ಇಡಿಸಿದ್ದೆ.

“ಅವು ಹಳೆಯ ಸರ್ವೆ ಕಂಬಗಳು ಅಮ್ಮ. ಮಳೆಯಲ್ಲಿ ಪೂರ್ತಿ ನೆನೆದಿವೆ. ವಿಲೇವಾರಿ ಮಾಡಬೇಕೆಂದಿದ್ದೆ.”

“ಒಡದ್ ತೋರ್ಸ್ರಿ ಒಂದು” ಎಂದರು, ನನಗಲ್ಲ, ಕೊಡಲಿ ಹಿಡಿದ ಅಣ್ಣನಿಗೆ.

ಅಣ್ಣ ಒಂದು ಕಂಬವನ್ನು ಮಲಗಿಸಿ, ಮೊಳದುದ್ದ ಕಡಿದು, ನಿಲ್ಲಿಸಿ ಕೊಡಲಿ ಇಳಿಸಿದರು. ಒಂದೇ ಏಟಿಗೆ ಸಿಡಿದು ಎರಡಾಯಿತು. ಕಪ್ಪು ಬಣ್ಣ ಉಗುರಿನಷ್ಟು ಆಳಕ್ಕೂ ಇಳಿದಿರಲಿಲ್ಲ. ಒಳಗೆ ತಿಳಿಗೆಂಪು, ಒಣಒಣ, ಬಿಸಿಲಿನ ವಾಸನೆ. ಎರಡು ಬೇಸಿಗೆ ಕಂಡ ಮರವಂತೆ. ನಿಂತೇ ಇದ್ದುದರಿಂದ ಮಳೆಯ ನೀರು ಮೈಮೇಲೆ ಇಳಿದು ಹೋಗುತ್ತಿತ್ತು; ಗಾಳಿ ಸುತ್ತ ಆಡುತ್ತಿತ್ತು. ಅಪ್ಪ ಅದನ್ನು ಬೇಕೆಂದೇ ಹಾಗೆ ನಿಲ್ಲಿಸಿದ್ದರೆಂದು ಅಣ್ಣ ಆಗ ಹೇಳಿದರು. “ನೀವು ಕೇಳ್ಲಿಲ್ಲ ಮೇಡಂ” ಎಂದೂ ಸೇರಿಸಿದರು. ನಿಜ, ಕೇಳಿರಲಿಲ್ಲ.

ಅಡುಗೆಯಮ್ಮ ಆ ಎರಡು ಹೋಳುಗಳನ್ನು ನನ್ನ ಕೈಗೆ ಕೊಟ್ಟರು. “ನೀ ಬಡಿ.”

ಟಣ್.

“ಎಲ್ಲಾನೂ ಹಿಂಗ ಇರೂದಿಲ್ಲ ಮತ್ತ. ಬುಡಕ್ಕ ನೀರು ಹಿಡದಿರ್ತದ, ಕೆಲವಕ್ಕ ಗೆದ್ದಲ ಹತ್ತಿರ್ತದ. ಒಂದೊಂದ ಬಡದು ಆರಸ್ಬೇಕು. ಶನಿವಾರ ಸಂಜೀಕ ಕಳಸು. ಒಂದು ದಬ್ ಬಂದ್ರೂ ನಾ ಅಧ್ಯಕ್ಷರಿಗೆ ಹೇಳೂದಿಲ್ಲ ತಂಗಿ, ಅದರ ಹೊಗೀನ ಹೋಗಿ ಹೇಳ್ತದ.” ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಆಟೊ ಹತ್ತಿದರು.

ಶುಕ್ರವಾರ ಬೆಳಕು ಹರಿದಾಗಿನಿಂದ ಅಣ್ಣ ಒಡೆದರು, ನಾನು ಬಡಿದೆ. ಕುರ್ಚಿಯನ್ನು ಶೆಡ್ಡಿನೊಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಗೇಟಿನ ಪಕ್ಕದಲ್ಲಿಯೇ ಕುಳಿತೆ, ಅಲ್ಲಿ ಮಾತ್ರ ನೆಲ ಒಣಗಿತ್ತು. ಮೊದಲ ಒಂದು ಗಂಟೆ ಎಲ್ಲವೂ ಒಂದೇ ಸದ್ದಿನಂತೆ ಕೇಳಿಸಿತು. ಆಮೇಲೆ ನಿಧಾನವಾಗಿ ಕಿವಿ ತೆರೆಯಿತು. ಟಣ್ ಮತ್ತು ದಬ್‌ಗಳ ನಡುವೆ ‘ಟಕ್’ ಎಂಬ ಮೂರನೆಯದೊಂದು ಇದೆ. ಹೊರಗೆ ಒಣಗಿ ತಿರುಳಿನಲ್ಲಿ ತುಸು ತೇವ ಉಳಿದದ್ದು. ಅದನ್ನು ಇನ್ನೊಮ್ಮೆ ಸೀಳಿಸಿ ಶೆಡ್ಡಿನೊಳಗೆ ಗಾಳಿಗೆ ಹರಡಿದೆ. ತುದಿಯಲ್ಲಿ ಕೂದಲೆಳೆಯ ಬಿರುಕುಗಳು ನಕ್ಷತ್ರದಂತೆ ಹರಡಿದ್ದರೆ ಬಡಿಯುವ ಮೊದಲೇ ಟಣ್ ಎಂದು ಹೇಳಬಹುದಿತ್ತು. ಅನುಮಾನ ಬಂದಾಗ ಕೆನ್ನೆಗೆ ಒತ್ತಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಎಡಗೆನ್ನೆ ಕಪ್ಪಾಗಿತ್ತೆಂದು ಮನೆಯಿಂದ ನನ್ನ ಅಮ್ಮ ಊಟ ತಂದಾಗ ಹೇಳಿದರು.

ಸಂಜೆ ಶಾಲೆ ಬಿಡುವ ಸಮಯಕ್ಕೆ ಅದೇ ಸ್ಕೂಟರು ಬಂತು. ಈ ಸಲ ಹುಡುಗಿಯೇ ಕೂಗಿದಳು: “ಮಿಸ್, ಏನು ಮಾಡ್ತಿದೀರಾ?”

“ಸೌದೆ ಪರೀಕ್ಷೆ ಮಾಡ್ತಿದೀನಿ ಕಣೇ” ಎಂದೆ. ವಾಕ್ಯ ವ್ಯಾಕರಣಬದ್ಧವಾಗಿ ಬರಲಿಲ್ಲ; ಹಾಗೆಯೇ ಬಿಟ್ಟೆ.

“ಎಷ್ಟು ಪಾಸ್ ಆಯ್ತು ಮಿಸ್?”

ಅವಳ ತಾಯಿ ನಕ್ಕು, ಬಾಣಂತಿ ಮನೆಗೆ ನೀರು ಕಾಯಿಸಲು ಸೌದೆ ಬೇಕಿತ್ತೆಂದು, ಭಾನುವಾರ ಬರುವುದಾಗಿ ಹೇಳಿ ಹೊರಟರು.

ಶನಿವಾರ ಸಂಜೆ ಗೂಡ್ಸ್ ಆಟೊ ತುಂಬ ಸೌದೆ ಬಸವೇಶ್ವರನಗರಕ್ಕೆ ಹೋಯಿತು. ತುಂತುರು ಇತ್ತು. ಮೇಲೆ ಮಾತ್ರ ಹೊದಿಸಿ, ಬದಿಗಳನ್ನು ತೆರೆದು ಬಿಡಿಸಿದೆ. ಭಾನುವಾರವಿಡೀ ನನಗೆ ಊಟ ಸೇರಲಿಲ್ಲ. ನೂರಾರು ತುಂಡುಗಳಲ್ಲಿ ಎಲ್ಲೋ ಒಂದಿಷ್ಟು ದಬ್‌ಗಳನ್ನು ಟಣ್ ಎಂದು ಕೇಳಿಸಿಕೊಂಡಿದ್ದರೆ? ಪರೀಕ್ಷೆ ಬರೆದು ಬಂದ ಮೇಲೆ ಪ್ರಶ್ನೆಪತ್ರಿಕೆಯನ್ನು ಮತ್ತೆ ಮತ್ತೆ ನೋಡುವ ಹಳೆಯ ಚಾಳಿ ನನ್ನದು. ಇಲ್ಲಿ ನೋಡಲು ಪತ್ರಿಕೆಯೂ ಇರಲಿಲ್ಲ. ಅಪ್ಪ ಆ ಸಂಜೆಯೂ ಬಡಿದು ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದೆ. ಈಗ ಅದು ನಿಜವಾಗಿತ್ತು. ಆದರೆ ಹಿಂದಿನ ಸುಳ್ಳುಗಳಿಗಿಂತ ಸಣ್ಣ ದನಿಯಲ್ಲಿ ಬಂತು.

ಸೋಮವಾರ ಬೆಳಿಗ್ಗೆ ನಾನು ಭವನದ ಹಿತ್ತಲಿಗೆ ಹೋದಾಗ ಒಲೆಗಳಿಗೆ ಪೂಜೆ ಆಗಿತ್ತು. ತೆಂಗಿನ ನಾರು, ಕರ್ಪೂರ ಇಟ್ಟು ಹೊತ್ತಿಸಿದರು. ಮೊದಲು ದಟ್ಟವಾದ ಬಿಳಿಯ ಹೊಗೆ ಎದ್ದು ನೇರವಾಗಿ ಅಪಾರ್ಟ್‌ಮೆಂಟಿನ ಬಾಲ್ಕನಿಗಳ ಕಡೆಗೆ ಹೊರಟಿತು. ನನ್ನ ಕಾಲು ಗೇಟಿನ ಕಡೆಗೆ ತಿರುಗಿತು.

“ಎಲ್ಲಿಗೆ ಹೊಂಟಿ? ಅದು ನಾರಿನ ಹೊಗಿ. ಕಟಗಿ ಇನ್ನೂ ಬಾಯಿ ತಗದಿಲ್ಲ. ಕೂಡಿಲ್ಲಿ, ಹಿಟ್ಟು ನಾದು” ಎಂದು ಅಡುಗೆಯಮ್ಮ ಕೈ ಹಿಡಿದು ಕೂರಿಸಿದರು.

ನಾದುತ್ತ ತಲೆ ಎತ್ತಲಿಲ್ಲ. ಚಟಚಟ ಸದ್ದು ಕೇಳಿಸಿತು. ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿದ್ದನ್ನು ಯಾರೋ ಹೇಳಿದರು. ಬಹಳ ಹೊತ್ತಿನ ನಂತರ ಮೇಲೆ ನೋಡಿದೆ. ಒಲೆಗಳ ಮೇಲೆ ಗಾಳಿ ನಡುಗುತ್ತಿತ್ತು, ಅಷ್ಟೇ. ಅದರಾಚೆ ಮೂರನೆಯ ಮಹಡಿಯಲ್ಲಿ ಒಬ್ಬರು ಬಿಳಿಯ ಪಂಚೆಯೊಂದನ್ನು ಒಣಹಾಕುತ್ತಿದ್ದರು.

ಹತ್ತೂವರೆಯ ಸುಮಾರಿಗೆ ಅಪಾರ್ಟ್‌ಮೆಂಟಿನ ಕಡೆಯಿಂದ ಹಿರಿಯರೊಬ್ಬರು ಗೇಟಿಗೆ ಬಂದರು. ಹಿಂದಿನ ವರ್ಷ ದೂರು ಕೊಟ್ಟವರು ಇವರೇ ಎಂದು ಪಕ್ಕದವರು ಪಿಸುಗುಟ್ಟಿದರು. ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. ಹೇಳಬೇಕಾದ ಕ್ಷಮಾಪಣೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ.

“ಮೇಡಂ, ಇವತ್ತು ದಾಸೋಹ ಇಲ್ವಾ?”

“ಇದೆ ಸಾರ್.”

“ಮತ್ತೆ ಹೊಗೇನೇ ಕಾಣ್ತಿಲ್ಲ! ಕ್ಯಾನ್ಸಲ್ ಆಯ್ತೇನೋ ಅಂತ ನಮ್ಮನೆಯವರು ಕುಕ್ಕರ್ ಇಡಕ್ಕೆ ಹೊರಟಿದ್ರು.”

ಒಳಗಿನಿಂದ ಅಡುಗೆಯಮ್ಮ ಕೂಗಿದರು: “ಕುಕ್ಕರ್ ಇಳಸ್ರಿ ಸಾಹೇಬ್ರ! ಮನಿ ಮಂದಿನೆಲ್ಲಾ ಕರಕೊಂಡ ಬರ್ರಿ. ಹೋದ ವರ್ಷ ಹೊಗಿ ಉಂಡೀರಿ, ಈ ವರ್ಷ ಹುಗ್ಗಿ ಉಣ್ಣ್ರಿ!”

ಎಲ್ಲರೂ ನಕ್ಕರು, ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿದ್ದ ಈರುಳ್ಳಿ ಚೀಲದ ಮೇಲೆ ಕುಳಿತುಬಿಟ್ಟೆ. ಅಧ್ಯಕ್ಷರು ಪಂಕ್ತಿಯ ನಡುವೆ ಓಡಾಡುತ್ತ, “ಮುಂದಿನ ವರ್ಷಕ್ಕೂ ಇದೇ ಸೌದೆ ಅಂತ ನಿಮ್ಮಪ್ಪಂಗೆ ಹೇಳ್ಬಿಡಮ್ಮ” ಎಂದಾಗ ಅಪ್ಪನಿಗೆಂದು ಡಬ್ಬಿಗೆ ಹುಗ್ಗಿ ತುಂಬಿಸುತ್ತಿದ್ದೆ.

ಮಧ್ಯಾಹ್ನ ಡಬ್ಬಿಯಲ್ಲಿ ಹುಗ್ಗಿ ತಂದು ಅಪ್ಪನ ಮುಂದಿಟ್ಟೆ. ಅವರು ಮುಚ್ಚಳ ತೆಗೆದು, ತಿನ್ನುವ ಮೊದಲು ಮೂಸಿ ನೋಡಿದರು. ಹೊಗೆ ಹಿಡಿದಿದ್ದರೆ ಹಾಲು, ತುಪ್ಪ ಅದನ್ನು ಬಚ್ಚಿಡುವುದಿಲ್ಲ. “ಚೆನ್ನಾಗೈತೆ” ಎಂದು ಬೆರಳು ಅದ್ದಿದರು. ಅಧ್ಯಕ್ಷರ ಮಾತು ಹೇಳಿದೆ. ಆಮೇಲೆ, ಹೇಳದಿದ್ದರೂ ನಡೆಯುತ್ತಿದ್ದ ಇನ್ನೊಂದನ್ನೂ ಹೇಳಿದೆ.

“ಅಪ್ಪ, ನಾನು ಇಷ್ಟು ದಿನ ಬಡಿದು ನೋಡಿರಲಿಲ್ಲ. ಸುಳ್ಳು ಹೇಳ್ತಿದ್ದೆ.”

ಅವರು ಹುಗ್ಗಿಯನ್ನು ನಿಧಾನವಾಗಿ ನುಂಗಿದರು. “ಗೊತ್ತಿತ್ತು.”

“ಅಣ್ಣ ಹೇಳಿದ್ರಾ?”

“ಅವ್ನ್ಯಾಕೆ ಹೇಳ್ತಾನೆ? ನಾಲ್ಕು ಮನೆ ಆಚೆ ಡಿಪೋ. ಮಲಗಿದ್ದೋನಿಗೆ ಬೇರೆ ಏನು ಕೆಲ್ಸ? ದಿನಾ ಕಿವಿ ಇಟ್ಕೊಂಡೇ ಇದ್ದೆ. ಒಂದು ಸದ್ದಾದ್ರೂ ಬರ್ಬೇಕಲ್ಲ?”

“ಮತ್ತೆ ಯಾಕೆ ಬೈಲಿಲ್ಲ?”

“ಬೈದಿದ್ರೆ ನನಗೆ ಕೇಳಿಸ್ಲಿ ಅಂತ ನೀನು ಬಡೀತಿದ್ದೆ. ನೀನು ಕೇಳಿಸ್ಕೋತಿರ್ಲಿಲ್ಲ.” ಡಬ್ಬಿಯ ಅಂಚನ್ನು ಬೆರಳಿನಿಂದ ಒರೆಸಿ ನೆಕ್ಕಿದರು. “ಶುಕ್ರವಾರ ಬೆಳಗ್ಗಿಂದ ಕೇಳಿಸ್ತು. ಸಂಜೆ ಹೊತ್ತಿಗೆ ಕೈ ಬಿದ್ದೋಗಿರ್ಬೇಕು ನಿಂಗೆ. ಎಣ್ಣೆ ಹಚ್ಕೋ.”

ಮರುದಿನ ಆ ಸರ್ವೆಯ ಒಟ್ಟಿಲನ್ನೆಲ್ಲ ಬಿಚ್ಚಿಸಿ, ಕಲ್ಲಿನ ಮೇಲೆ, ನಡುವೆ ಗಾಳಿಗೆ ದಾರಿ ಬಿಟ್ಟು, ಅಡ್ಡ ಉದ್ದವಾಗಿ ಪೇರಿಸಿದೆವು. ನೋಡಲು ಚೆಂದವಿರಲಿಲ್ಲ. ಅಪ್ಪ ಆ ಸಂಜೆ ಎಂದಿನ ಪ್ರಶ್ನೆಯನ್ನು ಕೇಳಲಿಲ್ಲ. ಮಳೆಯ ಎರಚಲು ಬರುತ್ತದೆಂದು ಅಮ್ಮ ಬೀದಿಯ ಕಡೆಯ ಕಿಟಕಿ ಮುಚ್ಚಲು ಹೋದಾಗ, ಅದೊಂದು ತೆರೆದೇ ಇರಲಿ ಎಂದಷ್ಟೇ ಹೇಳಿದರು.